ಸ್ಪೈಕ್ ಬಸ್ಟರಿನ ಕೆಂಪು ದೀಪ, ಕಾಣೆಯಾದ ನ್ಯೂಟ್ರಲ್

ಊರಹಬ್ಬದ ಆರ್ಕೆಸ್ಟ್ರಾಗೆ ಹೋದವರು ಹಾಡುವವರನ್ನು ನೋಡ್ತಾರೆ. ನನ್ನ ಕಣ್ಣು ಮಾತ್ರ ಸ್ಟೇಜಿನ ಹಿಂದೆ, ಆಂಪ್ಲಿಫೈಯರುಗಳನ್ನು ಪೇರಿಸಿಟ್ಟ ಆ ಕಪ್ಪು ರ‍್ಯಾಕಿನ ಕಡೆಗೇ ಹೋಗುತ್ತೆ. ಮಾಗಡಿ, ಕನಕಪುರ, ಚನ್ನಪಟ್ಟಣ, ಯಾವ ಕಡೆ ಹೋದರೂ ನೋಟ ಹೆಚ್ಚುಕಮ್ಮಿ ಒಂದೇ. ಸಾವಿರಾರು ವ್ಯಾಟಿನ ಆಂಪುಗಳು, ಮಿಕ್ಸರ್, ಕೀಬೋರ್ಡು... ಲಕ್ಷಗಟ್ಟಲೆ ಬಾಳುವ ಸಾಮಾನು. ಅಷ್ಟಕ್ಕೂ ಕರೆಂಟು ಕೊಡ್ತಿರೋದು ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಒಂದು ಸ್ಪೈಕ್ ಬಸ್ಟರ್! ಅದರ ಕೆಂಪು ದೀಪ ಉರೀತಿದ್ರೆ ಎಲ್ಲಾ ಕ್ಷೇಮ ಅನ್ನೋ ನಂಬಿಕೆ. ಈ ಡಬ್ಬ ರ‍್ಯಾಕಿಗೆ ಹೇಗೆ ಬಂತು ಅಂತ ಹುಡುಕಿದರೆ ನೂರು ವರ್ಷಕ್ಕೂ ಹಳೆಯ ಕತೆ ಸಿಗುತ್ತೆ.

ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿದ್ದು 1902ರಲ್ಲಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಯೋಜನೆ, ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ಕೋಲಾರದ ಚಿನ್ನದ ಗಣಿಗೆ ಎಳೆದ ಸುಮಾರು 147 ಕಿಲೋಮೀಟರ್ ಲೈನು ಹೋದದ್ದು ನಮ್ಮ ಕಾನಕಾನಹಳ್ಳಿ, ಅಂದರೆ ಈಗಿನ ಕನಕಪುರದ ಸೀಮೆ ಮೂಲಕ. ಬೆಂಗಳೂರಿಗೆ ಬೀದಿದೀಪ ಬಂದದ್ದು 1905ರ ಆಗಸ್ಟ್ 5ರಂದು. ಲೈನಿನ ಕೆಳಗೇ ಇದ್ದ ಹಳ್ಳಿಗಳು ಮಾತ್ರ ಇನ್ನೂ ಎಷ್ಟೋ ದಶಕ ಸೀಮೆಎಣ್ಣೆ ಬುಡ್ಡಿಯಲ್ಲೇ ಕಳೆದವು. ಆಗ ಹಬ್ಬದ ರಾತ್ರಿಗೆ ಕರೆಂಟು ಬೇಕಾಗಿಯೂ ಇರಲಿಲ್ಲ ಅನ್ನಿ. ಎಚ್.ಎಲ್. ನಾಗೇಗೌಡರು ರಾಮನಗರದ ಹತ್ತಿರ ಕಟ್ಟಿದ ಜಾನಪದ ಲೋಕಕ್ಕೆ ಹೋಗಿ ನೋಡಿ, ಅಲ್ಲಿರುವ ಹಳೇ ವಾದ್ಯ ಯಾವುದಕ್ಕೂ ಪ್ಲಗ್ ಇಲ್ಲ :)

ಕೊನೆಗೆ ಹಳ್ಳಿಗೆ ಕರೆಂಟು ಬಂದಾಗ ಅದು ಬಂದದ್ದು ಪಂಪ್‌ಸೆಟ್ಟಿನ ಜೊತೆ. ತೋಟದ ಮೋಟಾರು, ರೇಷ್ಮೆ ಬಿಚ್ಚುವ ಘಟಕ, ಚನ್ನಪಟ್ಟಣದ ಗೊಂಬೆ ಕಡೆಯುವ ಮೋಟಾರು, ಮನೆ ದೀಪ, ಹಬ್ಬದ ಮೈಕ್‌ಸೆಟ್ಟು ಎಲ್ಲಕ್ಕೂ ಅವೇ ತಂತಿಗಳು. ಮೋಟಾರು ಶುರುವಾದಾಗ ವೋಲ್ಟೇಜು ಕುಸಿಯುತ್ತೆ, ನಿಂತಾಗ ಜಿಗಿಯುತ್ತೆ. ಹಳ್ಳಿಯ ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಬೇರೆಬೇರೆ ಫೀಡರ್ ಮಾಡುವ ನಿರಂತರ ಜ್ಯೋತಿ ಯೋಜನೆ ಬಂದದ್ದು 2000ದ ದಶಕದ ಕೊನೆಗೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾದ ಈ ಜಿಲ್ಲೆಯಲ್ಲಿ ಲೈನು ಎಷ್ಟೇ ಸುಧಾರಿಸಿರಲಿ, ರ‍್ಯಾಕಿನ ಹಣೆಬರಹ ಬರೆಯೋದು ಕಂಬದಿಂದ ಸ್ಟೇಜಿಗೆ ಬರುವ ಕೊನೆಯ ನೂರು ಮೀಟರ್. ಕಂಬಕ್ಕೆ ಕೊಕ್ಕೆ ಹಾಕಿ, ಸುತ್ತಿ, ಟೇಪು ಹಚ್ಚಿದ ಜಾಗ!

ಅಲ್ಲಿ ಸಡಿಲವಾಗೋದು ನ್ಯೂಟ್ರಲ್. ಟಿ.ಸಿ.ಯಿಂದ ಬರುವ ಮೂರು ಫೇಸುಗಳಲ್ಲಿ ಯಾವ ಎರಡರ ನಡುವೆಯೂ ಸುಮಾರು 400 ವೋಲ್ಟ್ ಇರುತ್ತೆ. ಫೇಸಿಗೂ ನ್ಯೂಟ್ರಲಿಗೂ ನಡುವೆ 230. ನ್ಯೂಟ್ರಲ್ ಕಡಿದರೆ ಬೇರೆಬೇರೆ ಫೇಸಿನ ಲೋಡುಗಳು ಒಂದರ ಬಾಲ ಒಂದು ಹಿಡಿದುಕೊಳ್ತವೆ. ಯಾರದು ಕಡಿಮೆ ಲೋಡೋ ಅವರ ತಲೆಗೇ ಜಾಸ್ತಿ ವೋಲ್ಟೇಜು. ಇನ್ನೂ ಹಾಡು ಶುರುವಾಗದೆ ಸುಮ್ಮನೆ ಕೂತಿರುವ ರ‍್ಯಾಕಿಗೆ 300, 350 ನುಗ್ಗೋದು ಹೀಗೆ.

ಸ್ಪೈಕ್ ಬಸ್ಟರ್ ಏನ್ ಮಾಡುತ್ತೆ? ಅದರೊಳಗೆ ಹೆಚ್ಚಾಗಿ ಇರೋದು ಗುಂಡಿಯಷ್ಟು ದೊಡ್ಡ ಒಂದು ಬಿಲ್ಲೆ, ಎಂ.ಒ.ವಿ. ಜಿಂಕ್ ಆಕ್ಸೈಡಿನದು. 1960ರ ದಶಕದ ಕೊನೆಯಲ್ಲಿ ಜಪಾನಿನ ಮತ್ಸುಷಿತಾ ಕಂಪನಿಯ ಮಿಚಿಯೊ ಮತ್ಸುವೊಕಾ ರೂಪಿಸಿದ್ದು. ಅದ್ಭುತ ವಸ್ತು, ಅನುಮಾನವೇ ಇಲ್ಲ. ಆದರೆ ಅದು ಹುಟ್ಟಿದ್ದು ಕಣ್ಣು ಮಿಟುಕಿಸೋದರೊಳಗೆ ಬಂದು ಹೋಗುವ ಸಾವಿರಾರು ವೋಲ್ಟಿನ ಚುಚ್ಚುಗಳಿಗೆ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ 275 ವೋಲ್ಟಿನ ಬಿಲ್ಲೆ ಅಂಥ ಚುಚ್ಚನ್ನು ಸುಮಾರು 700 ವೋಲ್ಟಿಗೆ ಕಟ್ಟಿಹಾಕುತ್ತೆ. ನ್ಯೂಟ್ರಲ್ ಹೋಗಿ 350 ವೋಲ್ಟ್ ಅರ್ಧ ನಿಮಿಷ ನಿಂತರೆ ಬಿಲ್ಲೆಯೇ ಕಾದು ಸಿಡಿಯುತ್ತೆ, ಕೆಲವು ಸಲ ಡಬ್ಬಕ್ಕೂ ಬೆಂಕಿ. ಇನ್ನು ಬಿಲ್ಲೆ ಎಂದೋ ಸತ್ತಿದ್ದರೂ ಎಷ್ಟೋ ಡಬ್ಬಗಳಲ್ಲಿ ಆ ಕೆಂಪು ದೀಪ ಉರೀತಾನೇ ಇರುತ್ತೆ, ಯಾಕಂದ್ರೆ ಅದು ಹೇಳೋದು ಕರೆಂಟು ಇದೆ ಅಂತ ಮಾತ್ರ.

ಆಂಪು ಸುಟ್ಟರೆ ದುಡ್ಡು ಹೋಯ್ತು ಅನ್ನಬಹುದು. ಅರ್ಥಿಂಗ್ ಇಲ್ಲದಿದ್ದರೆ ಮನುಷ್ಯನೇ ಹೋಗ್ತಾನೆ. 1972ರ ಮೇ 3ರಂದು ವೇಲ್ಸಿನ ಸ್ವಾನ್‌ಸೀಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ಅರ್ಥ್ ಆಗಿರದ ಮೈಕ್ ಮುಟ್ಟಿ ಸ್ಟೇಜಿನ ಮೇಲೇ ಸತ್ತ. ನಮ್ಮ ದಪ್ಪ ಗುಂಡುಪಿನ್ನಿನ ಪ್ಲಗ್ಗೂ ಬ್ರಿಟಿಷರದ್ದೇ, ಅವರ 1934ರ ಬಿ.ಎಸ್. 546. ಅವರು 1947ರಲ್ಲಿ ಒಳಗೇ ಫ್ಯೂಸ್ ಇರುವ ಚಪ್ಪಟೆ ಪಿನ್ನಿನ ಪ್ಲಗ್ ತಂದರು, ನಾವು ಹಳೆಯದನ್ನೇ ಇಟ್ಟುಕೊಂಡೆವು. ಅದರಲ್ಲಿ ಫ್ಯೂಸ್ ಇಲ್ಲ, ಮೇಲಿನ ದಪ್ಪ ಪಿನ್ನು ಅರ್ಥಿಗೆ. ಹಮ್ ಶಬ್ದ ಬರುತ್ತೆ ಅಂತ ಆ ಪಿನ್ನನ್ನೇ ಕತ್ತರಿಸುವವರನ್ನು ನೀವೂ ನೋಡಿರ್ತೀರಿ. ಅದಕ್ಕಿಂತ ಘೋರ ಅಂದ್ರೆ, ಅರ್ಥ್ ಸಿಗಲಿಲ್ಲ ಅಂತ ಸಾಕೆಟ್ಟಿನೊಳಗೇ ಅರ್ಥನ್ನು ನ್ಯೂಟ್ರಲಿಗೆ ಸೇರಿಸೋದು. ನ್ಯೂಟ್ರಲ್ ಕಡಿದ ಕ್ಷಣ ಇಡೀ ರ‍್ಯಾಕಿನ ಕಬ್ಬಿಣ, ಹಾಡುವವರ ಕೈಲಿರೋ ಮೈಕು, ಎಲ್ಲಾ ಫೇಸು!

ಹಾಗಾಗಿ ನನ್ನ ಆಯ್ಕೆಯ ಕ್ರಮವೇ ಬೇರೆ. ಸ್ಪೈಕ್ ಬಸ್ಟರ್ ಕೊನೆಗೆ. ಮೊದಲು ಒಂದು 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಅರ್ಥ್ ಕೈಕೊಟ್ಟರೂ ಕರೆಂಟು ಮೈಮೇಲೆ ಹರಿದು ನೆಲ ಸೇರಲು ಹೊರಟ ಕೂಡಲೇ ಲೈನು ಕತ್ತರಿಸೋದು ಅದೊಂದೇ. ಅದರ ಜೊತೆಗೆ ವೋಲ್ಟೇಜು ಮಿತಿ ದಾಟಿದರೆ ತಾನೇ ಕಟ್ ಮಾಡಿ, ಸರಿಹೋಗಿ ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೊಡುವ ಕಟ್ ಆಫ್. ನ್ಯೂಟ್ರಲ್ ಕಾಯಿಲೆಗೆ ಮದ್ದು ಅದೇ. ಆಮೇಲೆ 16 ಆಂಪಿಯರ್ ಎಂ.ಸಿ.ಬಿ., 2.5 ಚದರ ಮಿಲಿಮೀಟರಿನ ಮೂರೆಳೆ ತಾಮ್ರದ ವೈರು, 16 ಆಂಪಿಯರ್ ಸಾಕೆಟ್ಟುಗಳ ಗಟ್ಟಿ ಡಬ್ಬ. 6 ಆಂಪಿಯರಿನ ಪ್ಲಾಸ್ಟಿಕ್ ಪಟ್ಟಿಗೆ ಮೂರು ದೊಡ್ಡ ಆಂಪು ಸಿಕ್ಕಿಸೋದು ಬೇಡ. ಶಾಮಿಯಾನದವರ ಜನರೇಟರ್ ಇದ್ದರೂ ಇಷ್ಟೂ ಬೇಕು, ಅದರ ವೋಲ್ಟೇಜೂ ನೆಟ್ಟಗಿರುತ್ತೆ ಅಂತೇನಿಲ್ಲ. ಎಲ್ಲಾ ಆದ ಮೇಲೆ ಸಣ್ಣ ಚುಚ್ಚುಗಳಿಗೆ ಎಂ.ಒ.ವಿ. ಇರಲಿ.

ಅರ್ಥಿಗೆ ಸ್ಟೇಜಿನ ಪಕ್ಕದ ಹಸಿನೆಲದಲ್ಲಿ ಆಳವಾಗಿ ಒಂದು ಸರಳು ಹೊಡೆದು ನೀರು ಹಾಕಬೇಕು. ರ‍್ಯಾಕ್ ಸಿಕ್ಕಿಸುವ ಮುಂಚೆ, ಆರ್.ಸಿ.ಸಿ.ಬಿ.ಗಿಂತ ಹಿಂದಿನ ಲೈನಿನಲ್ಲಿ, ಗೊತ್ತಿರೋ ಎಲೆಕ್ಟ್ರಿಷಿಯನ್ ಕೈಲಿ ಫೇಸಿಗೂ ಅರ್ಥಿಗೂ ನಡುವೆ 100 ವ್ಯಾಟಿನ ಹಳೇ ಬಲ್ಬು ಹಿಡಿಸಿ ನೋಡಿ. ಮಂಕಾಗಿ ಉರಿದರೆ ಇನ್ನೊಂದು ಸರಳು ಹೊಡೀಬೇಕು.