‘ಒಮಾಜು’: ನಡುವಯಸ್ಸಿನ ಮಹಿಳೆ ಮತ್ತು ಕೊರಿಯಾದ ಬೆಳ್ಳಿತೆರೆ

ದಕ್ಷಿಣ ಕೊರಿಯಾದ ಚಲನಚಿತ್ರವೆಂದೊಡನೆ ನಮ್ಮ ಮನೆಗಳ ಕಿರಿಯರಿಗೆ ನೆನಪಾಗುವುದು ‘ಪ್ಯಾರಸೈಟ್’ (2019). ಅದರಲ್ಲಿ ಸಿರಿವಂತರ ಮನೆಗೆಲಸದಾಕೆಯಾಗಿ ಅಭಿನಯಿಸಿದ್ದ ಲೀ ಜಂಗ್-ಉನ್ ನಾಯಕಿಯಾಗಿರುವ ಚಿತ್ರವೇ ‘ಒಮಾಜು’. ಗೌರವಾರ್ಪಣೆ ಎಂಬರ್ಥದ ಫ್ರೆಂಚ್ ಪದದ ಕೊರಿಯನ್ ರೂಪವಿದು. 2021ರಲ್ಲಿ ಟೋಕಿಯೊ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಗಿ, 2022ರಲ್ಲಿ ಕೊರಿಯಾದಲ್ಲಿ ತೆರೆಕಂಡಿತು. ನಿರ್ದೇಶಕಿ ಶಿನ್ ಸು-ವನ್ ಚಿತ್ರರಂಗಕ್ಕೆ ಬರುವ ಮುನ್ನ ಶಾಲಾ ಶಿಕ್ಷಕಿಯಾಗಿದ್ದವರು.

ಕಥಾನಾಯಕಿ ಜಿ-ವಾನ್ ಐವತ್ತರ ಹೊಸ್ತಿಲಲ್ಲಿರುವ ಚಿತ್ರ ನಿರ್ದೇಶಕಿ. ಆಕೆಯ ಮೂರನೆಯ ಚಿತ್ರವೂ ಪ್ರೇಕ್ಷಕರಿಲ್ಲದೆ ಸೋತಿದೆ. ಅಮ್ಮನ ಸಿನಿಮಾಗಳಲ್ಲಿ ಸ್ವಾರಸ್ಯವಿಲ್ಲವೆಂಬುದು ಮಗನ ತೀರ್ಪು. ಗಂಡನಿಗೆ ಹೊತ್ತಿಗೆ ಸರಿಯಾಗಿ ಊಟವಾಗಬೇಕು. ಶರೀರವೂ ಸಹಕರಿಸದು; ಗರ್ಭಕೋಶದ ತೊಂದರೆ ಶಸ್ತ್ರಚಿಕಿತ್ಸೆಯವರೆಗೆ ಒಯ್ಯುತ್ತದೆ. ಇಂಥ ವೇಳೆಯಲ್ಲಿ ಅಲ್ಪ ಸಂಭಾವನೆಯ ಕೆಲಸವೊಂದು ದೊರೆಯುತ್ತದೆ: 1962ರ ‘ಮಹಿಳಾ ನ್ಯಾಯಾಧೀಶೆ’ ಎಂಬ ಹಳೆಯ ಚಿತ್ರದ ಕಳೆದುಹೋದ ಧ್ವನಿಯನ್ನು ಮರಳಿ ಕೂಡಿಸುವುದು. ಲೆಕ್ಕಕ್ಕೆ ಸಣ್ಣ ಕೆಲಸವೇ. ಆದರೆ ಚಿತ್ರದ ಕೆಲವು ದೃಶ್ಯಗಳೇ ಕಾಣೆಯಾಗಿವೆ ಎಂದು ತಿಳಿದಾಗ ಜಿ-ವಾನ್ ಅವನ್ನು ಹುಡುಕುತ್ತ ಊರೂರು ಅಲೆಯುತ್ತಾಳೆ. ಆ ಚಿತ್ರಕ್ಕೆ ಸಂಕಲನ ಮಾಡಿದ್ದ ವೃದ್ಧೆಯೊಬ್ಬಳು ಸಿಗುತ್ತಾಳೆ. ಕಾಣೆಯಾದ ಫಿಲ್ಮಿನ ತುಂಡುಗಳು ಟೋಪಿಗಳ ಅಂಚಿನೊಳಗೆ ಸೇರಿಹೋಗಿರುವುದು ಪಾಳುಬಿದ್ದ ಚಿತ್ರಮಂದಿರವೊಂದರಲ್ಲಿ ಗೊತ್ತಾಗುತ್ತದೆ.

‘ಮಹಿಳಾ ನ್ಯಾಯಾಧೀಶೆ’ ಕಲ್ಪಿತ ಕೃತಿಯಲ್ಲ. ಅದನ್ನು ನಿರ್ದೇಶಿಸಿದ ಹಾಂಗ್ ಉನ್-ವನ್ ಕೊರಿಯಾದ ಎರಡನೆಯ ಮಹಿಳಾ ನಿರ್ದೇಶಕಿ. (‘ಒಮಾಜು’ವಿನಲ್ಲಿ ಅವರ ಹೆಸರನ್ನು ಕೊಂಚ ಬದಲಿಸಲಾಗಿದೆ.) ಅವರಿಗೆ ನಿರ್ದೇಶಿಸಲು ಸಾಧ್ಯವಾದದ್ದು ಮೂರೇ ಚಿತ್ರಗಳನ್ನು, ಕಡೆಯದು 1966ರದು. ಕೊರಿಯಾದ ಮೊದಲ ಮಹಿಳಾ ನ್ಯಾಯಾಧೀಶೆ ಹ್ವಾಂಗ್ ಯುನ್-ಸುಕ್ 1961ರಲ್ಲಿ ಸಂಶಯಾಸ್ಪದ ರೀತಿಯಲ್ಲಿ ಮೃತರಾದ ಪ್ರಕರಣವೇ ಈ ಚಿತ್ರಕ್ಕೆ ಪ್ರೇರಣೆ. ಹಾಂಗ್ ಅವರು ತಮ್ಮ ನಾಯಕಿಯನ್ನು ಸಾಯಗೊಡಲಿಲ್ಲ, ನ್ಯಾಯಾಲಯದಲ್ಲಿ ವಾದಿಸಲು ನಿಲ್ಲಿಸಿದರು. ನಾಶವಾಯಿತೆಂದೇ ಬಹುಕಾಲ ಭಾವಿಸಲಾಗಿದ್ದ ಈ ಚಿತ್ರದ ಅಪೂರ್ಣ ಪ್ರತಿಯೊಂದು 2015ರಲ್ಲಿ ಪತ್ತೆಯಾಗಿ ಕೊರಿಯನ್ ಚಲನಚಿತ್ರ ಸಂಗ್ರಹಾಲಯವನ್ನು ಸೇರಿತು.

ತೆರೆಯ ಮೇಲೆ ಸ್ತ್ರೀಯರ ಪ್ರಾತಿನಿಧ್ಯವೆಂದರೆ ಪಾತ್ರಗಳ ಎಣಿಕೆಯೆಂದೇ ಬಹುಮಂದಿ ತಿಳಿಯುತ್ತಾರೆ. ಈ ಚಿತ್ರ ಕೇಳುವ ಪ್ರಶ್ನೆ ಬೇರೆ: ದುಡಿದ ಸ್ತ್ರೀಯ ಹೆಸರು ದಾಖಲೆಯಲ್ಲಿ ಉಳಿಯುತ್ತದೆಯೇ? ಜಿ-ವಾನಳ ತಳಮಳ ಕೇವಲ ವಯಸ್ಸಿನದಲ್ಲ; ತನ್ನ ಕೆಲಸವೂ ಹೀಗೆಯೇ ಟೋಪಿಯ ಅಂಚಿಗೆ ಸೇರುವುದೇ ಎಂಬ ಅಂಜಿಕೆ ಅದರಲ್ಲಿದೆ. ಬಣ್ಣ ಬಳಿದು ವಯಸ್ಸನ್ನು ಮರೆಮಾಚದ, ದಣಿವನ್ನೂ ನಗುವನ್ನೂ ಒಟ್ಟಿಗೇ ಹೊತ್ತ ಮುಖದಲ್ಲಿ ಲೀ ಅದನ್ನು ತೋರಿಸುತ್ತಾರೆ. 2022ರ ಏಷ್ಯಾ ಪೆಸಿಫಿಕ್ ಚಿತ್ರ ಪ್ರಶಸ್ತಿಗಳಲ್ಲಿ ಅವರಿಗೆ ಅತ್ಯುತ್ತಮ ಅಭಿನಯದ ಮನ್ನಣೆ ಸಂದಿತು.

ಕೊರತೆಯೂ ಇಲ್ಲದಿಲ್ಲ. ಇಲ್ಲಿನ ಪ್ರಮುಖ ಸ್ತ್ರೀಯರೆಲ್ಲ ಚಿತ್ರೋದ್ಯಮದ ನಂಟುಳ್ಳವರೇ. ಕಡುಬಡವರ ಬದುಕಿಗೆ ಶಿನ್ ಅವರದೇ ‘ಮಡೋನಾ’ (2015) ನೋಡಬೇಕು. ಗಂಡನ ಪಾತ್ರವೂ ತುಸು ಸರಳವಾಯಿತೆಂದು ನನಗನ್ನಿಸಿತು.

ಹಾಂಗ್ ಅವರಿಗಿಂತ ಮೊದಲು ನಿರ್ದೇಶಕಿಯಾದವರು ಪಾಕ್ ನಾಮ್-ಓಕ್. ಎಳೆಗೂಸನ್ನು ಬೆನ್ನಿಗೆ ಕಟ್ಟಿಕೊಂಡು ಅವರು 1955ರಲ್ಲಿ ‘ವಿಧವೆ’ ಎಂಬ ಚಿತ್ರವನ್ನು ತಯಾರಿಸಿದರು. ಅವರು ನಿರ್ದೇಶಿಸಿದ್ದು ಅದೊಂದೇ. ಉಳಿದಿರುವ ಪ್ರತಿಯಲ್ಲಿ ಕಥೆಯ ಮುಕ್ತಾಯವಿಲ್ಲ.