ಬಾಗುವ ಪಟ್ಟಿ, ಬೋರ್‌ವೆಲ್ ನೀರು

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆ ಒಂದು ಗುಟುಕು ಕುಡಿದು ‘ಸವಳು’, ‘ಸಿಹಿ’ ಎಂದು ನೀರಿನ ಜಾತಿ ಹೇಳುವ ಹಿರಿಯರು ಊರಿಗೊಬ್ಬರಾದರೂ ಸಿಗುತ್ತಾರೆ. ಆದರೆ ಫ್ಲೋರೈಡ್ ಅವರ ನಾಲಿಗೆಗೂ ಸಿಗುವುದಿಲ್ಲ. ಸಿಹಿ ಎನಿಸಿದ ಬೋರ್‌ವೆಲ್ ನೀರಿನಲ್ಲೂ ಅದು ಇರಬಹುದು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ನೆಲದಡಿಯ ಗ್ರಾನೈಟ್, ನೈಸ್ ಶಿಲೆಗಳಿಂದ ಅದು ಕರಗಿ ಬರುತ್ತದೆ. ಕ್ಯಾಲ್ಸಿಯಂ ಕಡಿಮೆ ಇದ್ದು ಕ್ಷಾರ ಹೆಚ್ಚಿರುವ ನೀರಿನಲ್ಲಿ ಇನ್ನಷ್ಟು ಕರಗುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಾಣಿಸಿಕೊಂಡಾಗಲೇ ಮನೆಯವರಿಗೆ ಅದರ ಸುಳಿವು ಸಿಗುವುದು. ಅದೇ ಜಿಲ್ಲೆಯ ಗಂಗಾವತಿಗೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಭತ್ತದ ಗದ್ದೆ ಇದೆ. ಒಣಭೂಮಿಯ ಎರಡು ತಾಲ್ಲೂಕುಗಳ ಪಾಲಿಗೆ ಬಂದದ್ದು ಬಹುಕಾಲ ಬೋರ್‌ವೆಲ್ ಮಾತ್ರ.

ನಾಲಿಗೆಗೆ ಸಿಗದ್ದನ್ನು ಹಿಡಿಯುವ ಅತಿಸೂಕ್ಷ್ಮ ಯಾಂತ್ರಿಕ ಸಂವೇದಕಗಳು ಮೂವತ್ತು ವರ್ಷಗಳಲ್ಲಿ ಎಲ್ಲಿಗೆ ಬಂದಿವೆ ಎಂದು ಈ ನೀರನ್ನು ಎದುರಿಗಿಟ್ಟುಕೊಂಡೇ ನೋಡಬೇಕು ಎನ್ನುವುದು ನನ್ನ ಹಟ.

ಕಿಟಕಿಯ ಮೇಲಿನ ಸಜ್ಜಾ ನೆನಪಿಸಿಕೊಳ್ಳಿ. ಒಂದು ಅಂಚು ಗೋಡೆಯಲ್ಲಿ ಹೂತಿರುತ್ತದೆ, ಇನ್ನೊಂದು ಅಂಚಿಗೆ ಆಸರೆ ಇಲ್ಲ. ಎಂಜಿನಿಯರುಗಳು ಇದನ್ನು ಕ್ಯಾಂಟಿಲಿವರ್ ಎನ್ನುತ್ತಾರೆ. ಇಂಥದ್ದನ್ನೇ ಸಿಲಿಕಾನ್‌ನಲ್ಲಿ, ಉದ್ದ ನೂರಿನ್ನೂರು ಮೈಕ್ರೊಮೀಟರ್, ದಪ್ಪ ಒಂದು ಮೈಕ್ರೊಮೀಟರ್‌ನ ಆಸುಪಾಸು ಇರುವಂತೆ ಕೆತ್ತಿದರೆ ಮೈಕ್ರೊಕ್ಯಾಂಟಿಲಿವರ್. ಅದರ ಒಂದು ಮೈಗೆ ಅಣುಗಳು ಅಂಟಿಕೊಂಡರೆ ಆ ಮೈಯ ಬಿಗಿತ ಬದಲಾಗಿ ಪಟ್ಟಿ ಬಾಗುತ್ತದೆ. ಲೋಹದ ಪಟ್ಟಿಯ ಮೇಲೆ ತೆಳು ಲೇಪ ಕೊಟ್ಟರೆ ಅದು ಬಾಗುವ ಲೆಕ್ಕವನ್ನು ಎಂಜಿನಿಯರ್ ಸ್ಟೋನಿ 1909ರಲ್ಲೇ ಕೊಟ್ಟಿದ್ದರು. ಇನ್ನೊಂದು ದಾರಿಯೂ ಇದೆ. ಪಟ್ಟಿಯನ್ನು ಕಂಪಿಸುವಂತೆ ಮಾಡಿ ಅದರ ಮೇಲೆ ಭಾರ ಕೂತಾಗ ಕಂಪನಾಂಕ ಎಷ್ಟು ಇಳಿಯಿತು ಎಂದು ನೋಡುವುದು. ಮೃದಂಗದ ಎಡಮುಖಕ್ಕೆ ರವೆಯ ಕಣಕ ಮೆತ್ತಿದರೆ ಶ್ರುತಿ ಇಳಿಯುತ್ತದಲ್ಲ, ಹಾಗೆ. ಭಾರ ಹೊತ್ತ ಚರ್ಮ ಹೇಗೆ ನುಡಿಯುತ್ತದೆ ಎಂಬುದರ ಬಗ್ಗೆ ಸಿ. ವಿ. ರಾಮನ್ 1934ರಲ್ಲಿ ಬೆಂಗಳೂರಿನಿಂದಲೇ ಒಂದು ಪ್ರಬಂಧ ಪ್ರಕಟಿಸಿದ್ದರು.

ಈ ಪಟ್ಟಿ ಸಂವೇದಕವಾಗಿ ಹುಟ್ಟಿದ್ದಲ್ಲ. 1986ರಲ್ಲಿ ಬಿನಿಗ್, ಕ್ವೇಟ್, ಗೆರ್ಬರ್ ಪರಮಾಣು ಬಲ ಸೂಕ್ಷ್ಮದರ್ಶಕ ಕಟ್ಟಿದಾಗ ಇದು ಮೇಲ್ಮೈಯನ್ನು ತಡವಿ ನೋಡುವ ಬೆರಳಾಗಿತ್ತು. ಅದನ್ನು ಬಳಸಿದವರಿಗೆಲ್ಲ ಒಂದು ಕಿರಿಕಿರಿ ಇತ್ತು: ಕೋಣೆಯ ತೇವ, ಶಾಖ ಚೂರು ಬದಲಾದರೂ ಪಟ್ಟಿ ತಾನಾಗಿ ಬಾಗುತ್ತಿತ್ತು. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿದ್ದ ಕೇರಳ ಮೂಲದ ಥಾಮಸ್ ತುಂಡತ್ ಮತ್ತು ಸಂಗಡಿಗರು ಈ ಕಿರಿಕಿರಿಯನ್ನೇ 1994ರಲ್ಲಿ ಅಳೆದು ಪ್ರಕಟಿಸಿದರು. ತೇವಕ್ಕೆ ಬಾಗುವುದಾದರೆ ಬೇರೆ ಆವಿಗಳಿಗೂ ಬಾಗಬೇಕಲ್ಲ! ಅದೇ ವರ್ಷ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ಗಿಮ್ಜೆವ್‌ಸ್ಕಿ, ಗೆರ್ಬರ್ ಮೊದಲಾದವರು ಪ್ಲಾಟಿನಂ ಮೇಲೆ ಹೈಡ್ರೋಜನ್, ಆಕ್ಸಿಜನ್ ಕೂಡಿ ನೀರಾಗುವಾಗ ಹೊಮ್ಮುವ ಬಿಸಿಯನ್ನು ಪಟ್ಟಿಯ ಬಾಗಿನಲ್ಲಿ ಓದಿದರು. ಕ್ಷೇತ್ರ ಹುಟ್ಟಿದ್ದು ಹೀಗೆ.

ಮುಂದಿನ ಹತ್ತು ವರ್ಷ ಸುಗ್ಗಿ. 2000ದಲ್ಲಿ ಸ್ವಿಸ್ ತಂಡ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು, ಅವುಗಳ ಬಾಗಿನ ವ್ಯತ್ಯಾಸದಿಂದ ಡಿಎನ್‌ಎ ಎಳೆಯಲ್ಲಿ ಒಂದೇ ಒಂದು ಅಕ್ಷರ ತಪ್ಪಿದ್ದನ್ನೂ ಹಿಡಿಯಿತು. 2001ರಲ್ಲಿ ತುಂಡತ್ ಅವರೂ ಸೇರಿದ್ದ ತಂಡ ಪ್ರಾಸ್ಟೇಟ್ ಕ್ಯಾನ್ಸರ್‌ನ ಸೂಚಕ ಪ್ರೋಟೀನನ್ನು ಹಿಡಿಯಿತು. 2003ರಲ್ಲಿ ಓಕ್ ರಿಜ್ ತಂಡ ಪಟ್ಟಿಯ ಮೇಲೆ ಕೂತ ಟಿಎನ್‌ಟಿ ಸ್ಫೋಟಕದ ಆವಿಯನ್ನು ಕಾಯಿಸಿ, ಅದು ಅಲ್ಲೇ ಸಣ್ಣಗೆ ಭಗ್ಗೆಂದದ್ದನ್ನು ದಾಖಲಿಸಿತು. 2007ರಲ್ಲಿ ಎಂಐಟಿಯ ಮನಾಲಿಸ್ ತಂಡ ಪಟ್ಟಿಯೊಳಗೇ ಕಾಲುವೆ ಕೊರೆದು ಒಂದೊಂದೇ ಬ್ಯಾಕ್ಟೀರಿಯಾವನ್ನು ತೂಗಿತು.

ನಮ್ಮ ನೀರಿಗೆ ಹತ್ತಿರದ ಪ್ರಯೋಗ ನಡೆದದ್ದು 2004ರಲ್ಲಿ. ತುಂಡತ್ ಮತ್ತು ಸಹೋದ್ಯೋಗಿಗಳು ಸಿಲಿಕಾನ್ ಡೈಆಕ್ಸೈಡ್ ಪಟ್ಟಿಯನ್ನು ಹೈಡ್ರೋಫ್ಲೋರಿಕ್ ಆಮ್ಲಕ್ಕೆ ಒಡ್ಡಿದರು. ಈ ಆಮ್ಲ ಗಾಜನ್ನು ತಿನ್ನುತ್ತದೆ. ತಿಂದಂತೆಲ್ಲ ಪಟ್ಟಿ ಬಾಗುತ್ತದೆ. ಫೆಮ್ಟೊಮೋಲಾರ್‌ನಷ್ಟು ಅತ್ಯಲ್ಪ ಸಾಂದ್ರತೆಯಲ್ಲೂ ಆಮ್ಲ ಪತ್ತೆಯಾಯಿತು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಆ 1 ಮಿಲಿಗ್ರಾಂ ಎಂದರೆ ಸುಮಾರು 53 ಮೈಕ್ರೊಮೋಲಾರ್. ಪ್ರಯೋಗಾಲಯ ಮುಟ್ಟಿದ ಸೂಕ್ಷ್ಮತೆ ಯಲಬುರ್ಗಾಕ್ಕೆ ಬೇಕಾದದ್ದಕ್ಕಿಂತ ಹತ್ತಿರ ಹತ್ತಿರ ಐದು ಸಾವಿರ ಕೋಟಿ ಪಟ್ಟು ಹೆಚ್ಚು!

ಹಾಗಾದರೆ ಅದು ಹಳ್ಳಿಗೆ ಏಕೆ ಬರಲಿಲ್ಲ? ಮೊದಲನೆಯದಾಗಿ, ನಮ್ಮ ಅಂತರ್ಜಲ ಕ್ಷಾರದ ಕಡೆಗಿದೆ. ಅದರಲ್ಲಿ ಫ್ಲೋರೈಡ್ ಅಯಾನಾಗಿರುತ್ತದೆ, ಗಾಜು ತಿನ್ನುವ ಆಮ್ಲವಾಗಿ ಅಲ್ಲ. ಪರೀಕ್ಷೆಗೆ ಮುನ್ನ ನೀರಿಗೆ ಆಮ್ಲ ಬೆರೆಸಬೇಕು. ಅದಕ್ಕಿಂತ ದೊಡ್ಡ ಕಾರಣ, ಬಾಗಿದ ಪಟ್ಟಿ ತಾನು ಯಾವುದಕ್ಕೆ ಬಾಗಿದೆ ಎಂದು ಹೇಳುವುದಿಲ್ಲ. ಲವಣ, ಶಾಖ, ಎಲ್ಲೆಲ್ಲೋ ಅಂಟಿದ ಕೊಳೆ, ಎಲ್ಲವೂ ಬಾಗಿಸುತ್ತವೆ. ಓಕ್ ರಿಜ್‌ನಲ್ಲಿ ದೀರ್ಘಕಾಲ ಕಳೆದ ತುಂಡತ್ 2010ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯಕ್ಕೆ, ಆಮೇಲೆ ಅಮೆರಿಕದ ಬಫಲೋಗೆ ಹೋದರು. ಅವರ ಇತ್ತೀಚಿನ ಕೆಲಸದ ದೊಡ್ಡ ಭಾಗ ಪಟ್ಟಿಯ ಮೇಲೆ ಕೂತ ಅಣುಗಳಿಗೆ ಅವಕೆಂಪು ಬೆಳಕು ಬಿಟ್ಟು, ಯಾವ ಬಣ್ಣಕ್ಕೆ ಅವು ಬಿಸಿಯಾಗುತ್ತವೆ ಎಂಬುದರಿಂದ ಗುರುತು ಹಚ್ಚುವುದು. ಸೂಕ್ಷ್ಮತೆಯ ಬೆನ್ನು ಹತ್ತಿ ಹೊರಟವರು ಗುರುತಿನ ಪ್ರಶ್ನೆಗೆ ಬಂದು ನಿಂತರು. ಅವರ ವೃತ್ತಿಜೀವನದಲ್ಲಿ ನಾನು ಅತ್ಯಂತ ಗೌರವದಿಂದ ಕಾಣುವುದು ಈ ತಿರುವನ್ನೇ.

ನಮ್ಮ ದೇಶದ ದಾರಿ ಬೇರೆ ಬಗೆಯದು. ರಕ್ಷಣಾ ಸಂಶೋಧನೆಯ ಮುಖ್ಯಸ್ಥರಾಗಿದ್ದ ಬೆಂಗಳೂರಿನ ವಿ. ಕೆ. ಆತ್ರೆ ಅವರ ಮುಂದಾಳತ್ವದಲ್ಲಿ 2000ದಲ್ಲಿ ಶುರುವಾದ ಸ್ಮಾರ್ಟ್ ಮೆಟೀರಿಯಲ್ಸ್ ರಾಷ್ಟ್ರೀಯ ಕಾರ್ಯಕ್ರಮ ಮುಂದಿನ ಹಂತದಲ್ಲಿ ಸೂಕ್ಷ್ಮ ಯಂತ್ರಗಳ ವಿನ್ಯಾಸವನ್ನು ಹತ್ತಾರು ಕಾಲೇಜುಗಳಿಗೆ ಮುಟ್ಟಿಸಿತು. 2006ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬೈ ಐಐಟಿಗಳಲ್ಲಿ ನ್ಯಾನೊಎಲೆಕ್ಟ್ರಾನಿಕ್ಸ್ ಕೇಂದ್ರಗಳು ಬಂದವು. 2008ರಿಂದ ಹೊರಗಿನ ಕಾಲೇಜುಗಳವರೂ ಅಲ್ಲಿನ ಶುದ್ಧಕೋಣೆಗಳಲ್ಲಿ ಚಿಪ್ ಮಾಡಿಕೊಳ್ಳುವ ಅವಕಾಶ ತೆರೆಯಿತು. ಸಣ್ಣ ಊರುಗಳ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದದ್ದು ಇದು, ಇದರ ಬಗ್ಗೆಯೇ ನಾವು ಕಡಿಮೆ ಬರೆದಿದ್ದೇವೆ. ಮುಂಬೈಯಲ್ಲಿ ವಿ. ರಾಮಗೋಪಾಲ ರಾವ್ ತಂಡ ಸಿಲಿಕಾನ್ ಬದಲು ಪಾಲಿಮರ್ ಪಟ್ಟಿಗಳನ್ನು ಮಾಡಿತು. ಅಲ್ಲಿ ಬೆಳೆದ ನ್ಯಾನೊಸ್ನಿಫ್ ಕಂಪನಿಯ ಸ್ಫೋಟಕ ಪತ್ತೆ ಯಂತ್ರ 2021ರಲ್ಲಿ ಹೊರಬಂತು.

ಬೆಂಗಳೂರಿನಲ್ಲಿ ಜನರ ಕೈಗೆ ಬಂದದ್ದು ಬಾಗುವ ಪಟ್ಟಿಯಲ್ಲ, ವಿದ್ಯುತ್ ರಾಸಾಯನಿಕ ಸಂವೇದಕ. ಮೈಸೂರಿನ ಎಸ್‌ಜೆಸಿಇಯಲ್ಲಿ ಓದಿದ ನವಕಾಂತ ಭಟ್ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಎಚ್.ಡಿ. ಮುಗಿಸಿ, 1999ರಲ್ಲಿ ವಿಜ್ಞಾನ ಸಂಸ್ಥೆ ಸೇರಿದರು. ಅನಿಲ ಸಂವೇದಕ ಮತ್ತು ಜೈವಿಕ ಸಂವೇದಕಗಳ ಕೆಲಸಕ್ಕಾಗಿ 2018ರಲ್ಲಿ ಅವರಿಗೆ ಇನ್ಫೋಸಿಸ್ ಪ್ರಶಸ್ತಿ ಬಂತು. ಅವರು ಸಹಸ್ಥಾಪಕರಾದ ಪಾಥ್‌ಶೋಧ್ ಕಂಪನಿಯ ಕೈಯಳತೆಯ ಸಾಧನ ಒಂದು ಹನಿ ರಕ್ತ ಅಥವಾ ಮೂತ್ರದಿಂದ ಮಧುಮೇಹ, ಮೂತ್ರಪಿಂಡದ ತೊಂದರೆ, ರಕ್ತಹೀನತೆಯ ಹಲವು ಪರೀಕ್ಷೆ ಮಾಡುತ್ತದೆ. ಯಾಂತ್ರಿಕ ಪಟ್ಟಿಗಿಂತ ಇದು ಕಡಿಮೆ ಸೂಕ್ಷ್ಮವಿರಬಹುದು. ಆದರೆ ಏನನ್ನು ಅಳೆಯುತ್ತಿದ್ದೇನೆ ಎಂಬುದು ಇದಕ್ಕೆ ಗೊತ್ತು, ಚೀಲದಲ್ಲಿ ಹಾಕಿಕೊಂಡು ಹೋಗಬಹುದು. ನಮ್ಮಂಥ ಜಿಲ್ಲೆಗೆ ಬೇಕಾದ ಗುಣಗಳು ಇವೇ.

ಕೊಪ್ಪಳದಲ್ಲಿ ಇವತ್ತು ಫ್ಲೋರೈಡ್ ನೋಡುವುದು ಎರಡು ಬಗೆಯಲ್ಲಿ. ಹಳ್ಳಿಯಲ್ಲಿ ಬಣ್ಣ ಹೋಲಿಸುವ ಪರೀಕ್ಷಾ ಕಿಟ್, ಪ್ರಯೋಗಾಲಯದಲ್ಲಿ 1966ರ ಶೋಧವಾದ ಲ್ಯಾಂಥನಮ್ ಫ್ಲೋರೈಡ್ ಹರಳಿನ ವಿದ್ಯುದ್ವಾರ. ಜಲ ಜೀವನ ಮಿಷನ್ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕಿಟ್ ಬಳಕೆ ಕಲಿಸಬೇಕೆಂದು ಹೇಳಿತು. ಒಳ್ಳೆಯ ಹೆಜ್ಜೆ. ಆದರೆ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕದ ಪೊರೆ ಹಳತಾದರೆ ಫ್ಲೋರೈಡ್ ಮತ್ತೆ ನೀರಿನೊಡನೆ ಇಳಿದು ಬರುತ್ತದೆ. ಅದು ಒಂದು ದಿನದ ಪರೀಕ್ಷೆಯಲ್ಲಿ ಕಾಣುವುದಿಲ್ಲ. ನಲ್ಲಿಗೇ ಕೂತು ಹಗಲು ರಾತ್ರಿ ಅಳೆಯುವ, ಕೆಲವೇ ನೂರು ರೂಪಾಯಿಯ ಸಂವೇದಕ ಇಲ್ಲಿಗೆ ಬೇಕು.

ತಳಕಲ್ಲಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜೂ ಸೇರಿ ಈ ಭಾಗದ ವಿದ್ಯಾರ್ಥಿಗಳಲ್ಲಿ, ಅವರ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಸಂವೇದಕ ಆರಿಸಿಕೊಂಡರೆ ಭಟ್ಟಿ ಇಳಿಸಿದ ನೀರಿನ ಫಲಿತಾಂಶಕ್ಕೇ ನಿಲ್ಲಬೇಡಿ. ಕುಷ್ಟಗಿಯ ಬೋರ್‌ವೆಲ್‌ನಿಂದ ಒಂದು ಬಾಟಲಿ, ಯಲಬುರ್ಗಾದ ಘಟಕದಿಂದ ಒಂದು, ಗಂಗಾವತಿಯ ಕಾಲುವೆಯಿಂದ ಒಂದು ತಂದು, ಮೂರರಲ್ಲೂ ಅದು ಸರಿಯಾಗಿ ಓದುತ್ತದೆಯೇ ನೋಡಿ ಬರೆಯಿರಿ.