ಕಳ್ವಪ್ಪಿನ ನಿಸಿದಿಗೆಗಳು

ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕರಲ್ಲಿ ಬಹುಮಂದಿ ದೊಡ್ಡಬೆಟ್ಟವನ್ನೇರಿ ಗೊಮ್ಮಟನ ದರ್ಶನ ಮಾಡಿ, ಎದುರಿನ ಚಿಕ್ಕಬೆಟ್ಟವನ್ನು ದೂರದಿಂದಲೇ ನೋಡಿ ಹಿಂದಿರುಗುವುದು ವಾಡಿಕೆ. ಚಾವುಂಡರಾಯನು ಆ ಮಹಾವಿಗ್ರಹವನ್ನು ಕಡೆಯಿಸುವುದಕ್ಕೆ ಮುನ್ನೂರು ವರ್ಷಗಳಿಗೂ ಹಿಂದೆಯೇ ಈ ಕ್ಷೇತ್ರಕ್ಕೆ ಕೀರ್ತಿಯನ್ನು ತಂದಿತ್ತುದು, ಶಾಸನಗಳಲ್ಲಿ ಕಟವಪ್ರವೆಂದೂ ಕಳ್ವಪ್ಪೆಂದೂ ಹೆಸರಾದ ಈ ಚಿಕ್ಕಬೆಟ್ಟವೇ. ದೇಹವನ್ನು ತೊರೆಯಲೆಂದೇ ಇಲ್ಲಿಗೆ ನಡೆದು ಬಂದವರಿಂದ ಆ ಕೀರ್ತಿಯುಂಟಾಯಿತು.

ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲೆ ಸುಮಾರು ಕ್ರಿ.ಶ. 600ರಲ್ಲಿ ಕೊರೆದ ಶಾಸನವು ಬೆಟ್ಟದ ಶಾಸನಗಳಲ್ಲೆಲ್ಲ ಪ್ರಾಚೀನವಾದುದು. ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಯು ಹನ್ನೆರಡು ವರ್ಷಗಳ ಕ್ಷಾಮವನ್ನು ಮುನ್ನರಿತು ಹೇಳಲು ಸಂಘವು ದಕ್ಷಿಣಾಪಥಕ್ಕೆ ಹೊರಟುದನ್ನೂ, ಪ್ರಭಾಚಂದ್ರನೆಂಬ ಆಚಾರ್ಯನು ತನ್ನ ಆಯುಷ್ಯ ಇನ್ನು ಸ್ವಲ್ಪವೇ ಎಂದರಿತು, ಸಂಘವನ್ನೆಲ್ಲ ಬೀಳ್ಕೊಟ್ಟು, ಒಬ್ಬನೇ ಶಿಷ್ಯನೊಡನೆ ಇಲ್ಲಿ ನಿಂತು ಸಮಾಧಿಯನ್ನು ಸಾಧಿಸಿದುದನ್ನೂ, ಕಾಲಕ್ರಮದಲ್ಲಿ ಏಳುನೂರು ಋಷಿಗಳು ಅದೇ ಹಾದಿಯನ್ನು ಹಿಡಿದುದನ್ನೂ ಅದು ತಿಳಿಸುತ್ತದೆ. ಆ ಆಚಾರ್ಯನು ಭದ್ರಬಾಹುವೇ, ಆ ಶಿಷ್ಯನು ಚಂದ್ರಗುಪ್ತ ಮೌರ್ಯನೇ ಎಂಬುದು ಐತಿಹ್ಯ. ವಿದ್ವಾಂಸರಿಗೆ ಅದೊಂದು ದೀರ್ಘವಾದ ವಿವಾದ. ನನ್ನ ಕುತೂಹಲವಾದರೋ ಆ ಒಬ್ಬ ಶಿಷ್ಯನಲ್ಲಿದೆ. ಸರ್ವಸಂಗಪರಿತ್ಯಾಗಿಗೂ ಕಡೆಗೆ ಒಬ್ಬ ಜೊತೆಗಾರ ಬೇಕಾದನಲ್ಲವೆ!

ಜೈನರ ದೃಷ್ಟಿಯಲ್ಲಿ ಜೀವವು ಅನಾದಿಯಾದುದು. ಕರ್ಮಪುದ್ಗಲಗಳು ಅದಕ್ಕೆ ಅಂಟಿಕೊಂಡು ಭವದಿಂದ ಭವಕ್ಕೆ ಅದನ್ನು ಎಳೆಯುತ್ತವೆ, ಮತ್ತು ಆ ಅಂಟಿಗೆ ಕಾರಣವಾದುದು ಕಷಾಯ, ಎಂದರೆ ಕ್ರೋಧ, ಮಾನ, ಮಾಯೆ, ಲೋಭಗಳು. ಆದುದರಿಂದ ಸಲ್ಲೇಖನವೆಂಬುದು ಶರೀರವನ್ನು ಕೃಶಗೊಳಿಸುವುದರೊಡನೆ ಕಷಾಯಗಳನ್ನೂ ಕೃಶಗೊಳಿಸುವ ವ್ರತ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದ ಪ್ರಕಾರ, ಪ್ರತೀಕಾರವಿಲ್ಲದ ಉಪಸರ್ಗ, ಕ್ಷಾಮ, ಮುಪ್ಪು, ರೋಗಗಳು ಒದಗಿದಾಗ ಮಾತ್ರ ಇದನ್ನು ಕೈಕೊಳ್ಳತಕ್ಕದ್ದು. ಮೊದಲು ಘನಾಹಾರವನ್ನು, ಆಮೇಲೆ ಹಾಲು ಮೊದಲಾದುವನ್ನು, ಕಡೆಯಲ್ಲಿ ನೀರನ್ನೂ ಬಿಟ್ಟು, ಪಂಚನಮಸ್ಕಾರದಲ್ಲಿ ಮನಸ್ಸಿಟ್ಟು ದೇಹವನ್ನು ಬಿಡಬೇಕು. ಬದುಕಬೇಕೆಂಬ ಆಸೆ ಇಲ್ಲಿ ಎಷ್ಟು ದೋಷವೋ ಬೇಗ ಸಾಯಬೇಕೆಂಬ ಆಸೆಯೂ ಅಷ್ಟೇ ದೋಷ. ತತ್ತ್ವಾರ್ಥಸೂತ್ರವು ಇವುಗಳ ಸಾಲಿಗೆ ಮಿತ್ರರಲ್ಲಿ ಅನುರಾಗ, ಅನುಭವಿಸಿದ ಸುಖದ ಸ್ಮರಣೆ, ಮುಂದಣ ಜನ್ಮದ ಭೋಗವನ್ನು ಬಯಸುವ ನಿದಾನ, ಎಂಬ ಮೂರನ್ನು ಸೇರಿಸುತ್ತದೆ. ಇದನ್ನು ಆತ್ಮಹತ್ಯೆಯೆನ್ನುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. 2015ರಲ್ಲಿ ರಾಜಸ್ಥಾನದ ಉಚ್ಚ ನ್ಯಾಯಾಲಯವು ಹಾಗೆಯೇ ತೀರ್ಪಿತ್ತಿತು, ಅದೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಸಾವಿನ ಬಯಕೆಯನ್ನೇ ಅತಿಚಾರವೆಂದು ಎಣಿಸಿದ ಶಾಸ್ತ್ರವನ್ನು ಹಾಗೆ ಸುಲಭವಾಗಿ ಹಳಿಯಬಾರದೆಂದೇ ನನ್ನ ಅಭಿಪ್ರಾಯ.

ಇಂತು ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳೇ ನಿಸಿದಿಗೆಗಳು. ಬಿ. ಎಲ್. ರೈಸ್ 1889ರಲ್ಲಿ ಬೆಳಗೊಳದ 144 ಶಾಸನಗಳನ್ನು ಪ್ರಕಟಿಸಿದರು, ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು 500ಕ್ಕೆ ಏರಿಸಿದರು. ಅವನ್ನು ಓದುತ್ತ ಹೋದಂತೆ ಒಂದು ವಿಚಿತ್ರ ಮನಸ್ಸಿಗೆ ಹೊಳೆಯುತ್ತದೆ: ಹೋದವನು ಬಿಟ್ಟುಹೋದ ಮೋಹವನ್ನೆಲ್ಲ ಉಳಿದವನು ಕಲ್ಲಿನ ಮೇಲೆ ಕೆತ್ತಿಸಿಟ್ಟಿದ್ದಾನೆ. ರಾಷ್ಟ್ರಕೂಟ ವಂಶದ ಕಡೆಯ ಕುಡಿಯಾದ ನಾಲ್ಕನೆಯ ಇಂದ್ರನು ರಾಜ್ಯ ಕೈಬಿಟ್ಟ ಮೇಲೆ 982ರಲ್ಲಿ ಇಲ್ಲಿ ವ್ರತವನ್ನು ಕೈಕೊಂಡು ಮಡಿದನು. ಅವನ ಶಾಸನವನ್ನು ಬರೆದ ಕವಿಯೋ, ಪ್ರಭುವು ಕುದುರೆಯೇರಿ ಚೆಂಡಾಟದಲ್ಲಿ ತೋರುತ್ತಿದ್ದ ಕೌಶಲವನ್ನು ಪದ್ಯದ ಮೇಲೆ ಪದ್ಯವಾಗಿ ಬಣ್ಣಿಸಿ, ಮರಣಕ್ಕೆ ಅಲ್ಪ ಸ್ಥಳವನ್ನಷ್ಟೇ ಬಿಟ್ಟಿದ್ದಾನೆ. ಸುಖಸ್ಮರಣೆಯೆಂಬ ದೋಷ ಅರಸನಿಗೆ ತಟ್ಟದಿದ್ದರೂ ಕವಿಗಂತೂ ತಟ್ಟಿತು.

ಈ ಕಲ್ಲುಗಳು ಸತ್ತವರನ್ನು ದೇವಲೋಕಕ್ಕೆ ಕಳುಹಿಸುವುದೂ ಹೀಗೆಯೇ. ಈ ಪಂಚಮಕಾಲದಲ್ಲಿ ಇಲ್ಲಿಂದ ನೇರವಾಗಿ ಮೋಕ್ಷವಿಲ್ಲವೆಂಬುದು ಜೈನಸಿದ್ಧಾಂತವಾದುದರಿಂದ ಸ್ವರ್ಗವೆಂಬುದು ನಡುದಾರಿಯ ತಂಗುದಾಣವಷ್ಟೆ; ಅಲ್ಲಿಯ ಆಯುಷ್ಯವೂ ಮುಗಿದು ಜೀವವು ಮತ್ತೆ ಹುಟ್ಟಲೇಬೇಕು. ಆದರೂ ನಮ್ಮ ಊರೂರ ವೀರಗಲ್ಲುಗಳಲ್ಲಿ ಅಪ್ಸರೆಯರು ವೀರನನ್ನು ಕೈಹಿಡಿದು ಒಯ್ಯುವ ನಾಡಿನಲ್ಲಿ, ಮಗನಿಗೋ ಶಿಷ್ಯನಿಗೋ ತನ್ನವರು ಸುಖವಾಗಿರುವ ಲೋಕವೊಂದನ್ನು ಕಾಣದೆ ಸಮಾಧಾನವಾಗಲಿಲ್ಲ.

ಹೊಯ್ಸಳರ ಕಾಲಕ್ಕೆ ಇದು ಮನೆತನಗಳ ಆಚಾರವೇ ಆಯಿತು. ದಂಡನಾಯಕ ಗಂಗರಾಜನು ತನ್ನ ತಾಯಿ ಪೋಚಿಕಬ್ಬೆಗೂ ಹೆಂಡತಿ ಲಕ್ಷ್ಮಿಗೂ ನಿಸಿದಿಗೆಗಳನ್ನು ನಿಲ್ಲಿಸಿದನು. ಇವೆಲ್ಲಕ್ಕಿಂತ ಮನಸ್ಸನ್ನು ಕಲಕುವುದು ವಿಷ್ಣುವರ್ಧನನ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆಯ ಶಾಸನ. ಶಾಂತಲೆಯು 1123ರಲ್ಲಿ ಈ ಬೆಟ್ಟದ ಮೇಲೆ ಬಸದಿಯೊಂದನ್ನು ಕಟ್ಟಿಸಿದ್ದಳು. ವೈರಾಗ್ಯದ ಈ ನೆಲೆಯಲ್ಲಿ ಆ ಬಸದಿಗೆ ಬಂದ ಹೆಸರು, ಸವತಿಯರನ್ನು ಮೆಟ್ಟುವ ಮದದಾನೆಯೆಂಬರ್ಥದ ಅವಳ ಬಿರುದಿನಿಂದ, ಸವತಿಗಂಧವಾರಣ ಬಸದಿ! 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಳು. ಗಂಡ ಮಾರಸಿಂಗಯ್ಯ ಶೈವ, ಮಾಚಿಕಬ್ಬೆ ಜಿನಭಕ್ತೆ. ಮಗಳು ಹೋದ ಮೇಲೆ ತಾನು ಇರಲಾರೆನೆಂದು ಆ ತಾಯಿ ಬೆಳಗೊಳಕ್ಕೆ ಬಂದು, ಗುರುಗಳ ಸಮಕ್ಷಮದಲ್ಲಿ ಸಂನ್ಯಸನವನ್ನು ಕೈಕೊಂಡು, ಒಂದು ತಿಂಗಳು ಉಪವಾಸವಿದ್ದು ದೇಹವನ್ನು ಬಿಟ್ಟಳು.

ವ್ರತಕ್ಕೆ ಕಾರಣವಾದುದು ಕ್ಷಾಮವಲ್ಲ, ರೋಗವಲ್ಲ. ಮಗಳ ಮೇಲಣ ಮಮತೆ. ಸೂತ್ರವನ್ನು ಹಿಡಿದು ವಿಚಾರಿಸುವ ಪಂಡಿತನು ಇದರಲ್ಲಿ ಒಂದಕ್ಕೆರಡು ಅತಿಚಾರಗಳನ್ನು ಎತ್ತಿ ತೋರಿಸಬಹುದು. ಶಾಸನವನ್ನು ರಚಿಸಿದವನಿಗೆ ಆ ಸೂತ್ರ ಗೊತ್ತಿಲ್ಲದೆ ಇರಲಿಲ್ಲ. ಆದರೂ ಅವನು ಆ ಮಾತನ್ನು ಮರೆಮಾಡದೆ, ಆಕೆಯ ನಿಷ್ಠೆಯನ್ನೂ ಬಂಧುಗಳನ್ನು ಬೀಳ್ಕೊಟ್ಟ ಘನತೆಯನ್ನೂ ಮನಸಾರೆ ಹೊಗಳಿದನು. ಅವನು ಮಾಡಿದುದೇ ಸರಿ.